ಎರಡು ಗಾಡಿಗಳ ನಡುವಿನ ಜಾಗ

ಒಂದರ ಹಿಂದೆ ಒಂದು ಓಡುವ ಎರಡು ಗಾಡಿಗಳ ನಡುವೆ ಖಾಲಿ ಇರಬೇಕಾದ ಜಾಗಕ್ಕೆ ಸುರಕ್ಷಿತ ಅಂತರ ಎಂದು ಹೆಸರು. ಮುಂದಿನ ಗಾಡಿ ಗಕ್ಕನೆ ನಿಂತರೂ ಹಿಂದಿನದು ಅದಕ್ಕೆ ಗುದ್ದದೆ ನಿಲ್ಲುವಂತಿರಬೇಕು. ಅದಕ್ಕೆ ಎಷ್ಟು ಜಾಗ ಬೇಕೋ ಅಷ್ಟು ಅಂತರ. ಈ ಅಂತರ ಕಾಯುವ ಹೊಣೆ ಹಿಂದಿನ ಗಾಡಿಯವನದು. ಮುಂದಿನವನಿಗೆ ಹಿಂದೆ ಕಣ್ಣಿಲ್ಲ. ಕನ್ನಡಿಯಲ್ಲಿ ನೋಡಿದರೂ ಹಿಂದಿನವನನ್ನು ದೂರ ತಳ್ಳುವ ಉಪಾಯ ಅವನ ಬಳಿ ಇಲ್ಲ.

ಗಾಡಿಗೆ ಗಾಡಿ ಎದುರಾಬದುರಾ ಗುದ್ದುವುದೇ ಹೆಚ್ಚು ಎಂದು ಬಹಳ ಜನ ತಿಳಿದಿದ್ದಾರೆ. ಲೆಕ್ಕ ಹಾಗೆ ಹೇಳುವುದಿಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದಲ್ಲಿ ಸುಮಾರು 4 ಲಕ್ಷ 60 ಸಾವಿರ ರಸ್ತೆ ಅಪಘಾತಗಳಾದವು. ಸತ್ತವರು 1 ಲಕ್ಷ 68 ಸಾವಿರ ಜನ. ಆ ಅಪಘಾತಗಳಲ್ಲಿ ಸುಮಾರು ಐದಕ್ಕೆ ಒಂದು, ಹಿಂದಿನಿಂದ ಬಂದು ಗುದ್ದಿದ್ದು. ಎದುರಿನಿಂದ ಗುದ್ದಿದ್ದು ಅದಕ್ಕಿಂತ ಕಡಿಮೆ.

ಹೂವಿನಹಡಗಲಿಯ ಸುತ್ತಿನ ರಸ್ತೆಗಳಿಗೆ ಈ ವಿಷಯ ಇನ್ನಷ್ಟು ಹತ್ತಿರದ್ದು. ಪೂರ್ವಕ್ಕೆ ಹಗರಿಬೊಮ್ಮನಹಳ್ಳಿಯ ದಾರಿ. ದಕ್ಷಿಣಕ್ಕೆ ಹರಪನಹಳ್ಳಿಯ ದಾರಿ. ಹೊಳೆ ದಾಟಿದರೆ ಮುಂಡರಗಿ. ಇತ್ತ ಕೊಟ್ಟೂರು, ಅಲ್ಲಿಂದ ಆಚೆ ಕೂಡ್ಲಿಗಿ. ಕೂಡ್ಲಿಗಿಯ ಮೇಲೆ ಹಾದುಹೋಗುವ 50ನೇ ರಾಷ್ಟ್ರೀಯ ಹೆದ್ದಾರಿಗೆ ನಡುವೆ ವಿಭಜಕವಿದೆ. ಉಳಿದ ದಾರಿಗಳು ಹೆಚ್ಚಾಗಿ ಎರಡೇ ಸಾಲಿನವು. ಅದೇ ಡಾಂಬರಿನ ಮೇಲೆ ಬಸ್ಸು, ಟಿಪ್ಪರ್, ಟ್ರ್ಯಾಕ್ಟರ್, ಟಂಟಂ, ಮೊಪೆಡ್, ಎತ್ತಿನ ಬಂಡಿ, ಕುರಿಮಂದೆ ಎಲ್ಲವೂ ನಡೆಯಬೇಕು. ಒಂದರ ವೇಗ 80 ಕಿಲೋಮೀಟರ್. ಇನ್ನೊಂದರದು ನಾಲ್ಕು. ಹೀಗೆ ವೇಗ ಬೇರೆ ಬೇರೆ ಇರುವ ರಸ್ತೆಯಲ್ಲಿ ಮುಂದಿನ ಗಾಡಿ ಯಾವ ಗಳಿಗೆಯಲ್ಲಾದರೂ ನಿಧಾನವಾಗಬಹುದು.

ಅಂತರ ಎಷ್ಟಿರಬೇಕು ಎಂದು ತಿಳಿಯಲು ಮೊದಲು ಗಾಡಿ ನಿಲ್ಲುವ ಬಗೆ ತಿಳಿಯಬೇಕು. ಗಾಡಿ ಎರಡು ಹಂತದಲ್ಲಿ ನಿಲ್ಲುತ್ತದೆ. ಮೊದಲನೆಯದು ಚಾಲಕನ ಹಂತ. ಎರಡನೆಯದು ಬ್ರೇಕಿನ ಹಂತ.

ಚಾಲಕನ ಹಂತ ಎಂದರೆ ಹೀಗೆ. ಮುಂದಿನ ಗಾಡಿಯ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಕಣ್ಣು ಅದನ್ನು ನೋಡುತ್ತದೆ. ಅದು ಸುಮ್ಮನೆ ನಿಧಾನವಾಗುತ್ತಿದೆಯೋ, ನಿಲ್ಲುತ್ತಿದೆಯೋ ಎಂದು ಮನಸ್ಸು ತೀರ್ಮಾನಿಸುತ್ತದೆ. ಆಮೇಲೆ ಕಾಲು ಆಕ್ಸಿಲರೇಟರಿನಿಂದ ಎದ್ದು ಬ್ರೇಕಿನ ಮೇಲೆ ಬೀಳುತ್ತದೆ. ಎಚ್ಚರವಾಗಿರುವ ಚಾಲಕನಿಗೂ ಇದಕ್ಕೆಲ್ಲ ಒಂದರಿಂದ ಒಂದೂವರೆ ಸೆಕೆಂಡ್ ಹಿಡಿಯುತ್ತದೆ. ದಣಿದವನಿಗೆ, ಮಾತಿನಲ್ಲಿ ಮುಳುಗಿದವನಿಗೆ, ಮೊಬೈಲ್ ನೋಡುತ್ತಿರುವವನಿಗೆ ಇನ್ನೂ ಹೆಚ್ಚು. ಅಷ್ಟು ಹೊತ್ತೂ ಗಾಡಿ ಮೊದಲಿನ ವೇಗದಲ್ಲೇ ಓಡುತ್ತಿರುತ್ತದೆ. ಗಂಟೆಗೆ 40 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 11 ಮೀಟರ್. 60 ಎಂದರೆ ಸೆಕೆಂಡಿಗೆ 17 ಮೀಟರ್. 80 ಎಂದರೆ 22 ಮೀಟರ್. ಅಂದರೆ 60ರ ವೇಗದಲ್ಲಿ ಹೋಗುವವನು ಬ್ರೇಕ್ ಮುಟ್ಟುವಷ್ಟರಲ್ಲಿ 25 ಮೀಟರ್ ಮುಂದೆ ಹೋಗಿರುತ್ತಾನೆ. ಅದು ಎರಡು ಬಸ್ಸಿನ ಉದ್ದಕ್ಕಿಂತ ಜಾಸ್ತಿ.

ಇನ್ನು ಬ್ರೇಕಿನ ಹಂತ. ಇದು ಟೈರು, ರಸ್ತೆ, ಬ್ರೇಕು ಮೂರನ್ನೂ ಅವಲಂಬಿಸಿದ್ದು. ಇಲ್ಲಿ ನೆನಪಿಡಬೇಕಾದ ಮಾತು ಒಂದೇ. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ಓಡುವ ದೂರ ನಾಲ್ಕು ಪಟ್ಟಾಗುತ್ತದೆ. ಒಳ್ಳೆಯ ಒಣ ಡಾಂಬರಿನ ಮೇಲೆ 40ರ ವೇಗದ ಕಾರು ಜೋರಾಗಿ ಬ್ರೇಕ್ ಹಿಡಿದರೆ ಸುಮಾರು 10 ಮೀಟರಿನಲ್ಲಿ ನಿಂತೀತು. ಅದೇ ಕಾರು 80ರಲ್ಲಿದ್ದರೆ 40 ಮೀಟರ್ ಬೇಕು. ವೇಗ ಇಮ್ಮಡಿಯಾದಾಗ ಅಂತರವನ್ನೂ ಇಮ್ಮಡಿ ಮಾಡಿದರೆ ಸಾಕು ಎಂಬ ಅಂದಾಜು ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಎರಡು ಹಂತ ಸೇರಿದರೆ ಒಟ್ಟು ದೂರ. ರಸ್ತೆಗಳ ತಿರುವು, ಏರು ಎಷ್ಟಿರಬೇಕೆಂದು ವಿನ್ಯಾಸ ಮಾಡುವ ಎಂಜಿನಿಯರುಗಳು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಗೊತ್ತುಮಾಡಿದ ಒಂದು ಲೆಕ್ಕ ಇಟ್ಟುಕೊಂಡಿರುತ್ತಾರೆ. ಚಾಲಕನಿಗೆ ಎರಡೂವರೆ ಸೆಕೆಂಡ್ ಕೊಟ್ಟು, ರಸ್ತೆಯ ಹಿಡಿತವನ್ನು ಕಡಿಮೆಯೆಂದೇ ಹಿಡಿದು ಮಾಡಿದ ಲೆಕ್ಕ ಅದು. ಅದರಂತೆ 40ರ ವೇಗದಲ್ಲಿ ನಿಲ್ಲಲು 45 ಮೀಟರ್ ಬೇಕು. 60ರಲ್ಲಿ 80 ಮೀಟರ್. 80ರಲ್ಲಿ 120 ಮೀಟರ್. 100ರಲ್ಲಿ 180 ಮೀಟರ್. ಎದುರಿಗೆ ಏನಾದರೂ ಅಡ್ಡ ನಿಂತಿದ್ದರೆ ಗಾಡಿ ನಿಲ್ಲಲು ಬೇಕಾಗುವ ದೂರ ಇದು.

ಈ ಲೆಕ್ಕ ಕೇಳಿದವರಿಗೆ ಒಂದು ಸಂದೇಹ ಬರುತ್ತದೆ. ಮುಂದಿನ ಗಾಡಿಯೂ ತಟ್ಟನೆ ನಿಲ್ಲುವುದಿಲ್ಲ, ಅದಕ್ಕೂ ನಿಲ್ಲಲು ದೂರ ಬೇಕು, ಹಾಗಾದರೆ ಹಿಂದಿನವನು 80 ಮೀಟರ್ ಪೂರ್ತಿ ಏಕೆ ಬಿಡಬೇಕು ಎಂದು. ಸಂದೇಹ ಸರಿಯಾದದ್ದೇ. ಎರಡು ಗಾಡಿಗಳ ಬ್ರೇಕೂ ಒಂದೇ ತರಹ ಹಿಡಿದರೆ ಹಿಂದಿನವನಿಗೆ ಬೇಕಾದದ್ದು ಚಾಲಕನ ಹಂತದ ದೂರ ಮಾತ್ರ. ಆದರೆ ಬಹಳ ಜನ ಅಷ್ಟನ್ನೂ ಬಿಡುವುದಿಲ್ಲ. ಹಾಗೆ ಬಿಡದಿದ್ದರೆ ಏನಾಗುತ್ತದೆ ಎಂಬುದನ್ನು ಒಂದು ಉದಾಹರಣೆಯಲ್ಲಿ ನೋಡಬಹುದು.

ಎರಡು ಕಾರುಗಳು 60ರ ವೇಗದಲ್ಲಿ ಹೋಗುತ್ತಿವೆ. ನಡುವೆ 8 ಮೀಟರ್ ಜಾಗ. ಅಂದರೆ ಎರಡು ಕಾರಿನ ಉದ್ದ. ಈ ಭಾಗದ ರಸ್ತೆಗಳಲ್ಲಿ ಇದು ದಿನಾ ಕಾಣುವ ಅಂತರ. ಊರಿನ ಮುಂದಿನ ಹಂಪ್ ತಡವಾಗಿ ಕಂಡು ಮುಂದಿನವನು ಜೋರಾಗಿ ಬ್ರೇಕ್ ಹಾಕುತ್ತಾನೆ. ಹಿಂದಿನವನು ಎಚ್ಚರವಾಗಿಯೇ ಇದ್ದಾನೆ. ಒಂದೂವರೆ ಸೆಕೆಂಡಿಗೆ ಅವನ ಕಾಲು ಬ್ರೇಕಿನ ಮೇಲೆ ಬೀಳುತ್ತದೆ. ಅಷ್ಟರಲ್ಲಿ ನಡುವಿನ ಜಾಗ ಒಂದು ಮೀಟರಿನ ಆಸುಪಾಸಿಗೆ ಇಳಿದಿರುತ್ತದೆ. ಮರುಕ್ಷಣವೇ ಡಿಕ್ಕಿ. ಗುದ್ದುವ ಹೊತ್ತಿಗೆ ಮುಂದಿನ ಕಾರಿನ ವೇಗ 25ಕ್ಕೆ ಬಂದಿರುತ್ತದೆ. ಹಿಂದಿನದು ಇನ್ನೂ 55 ದಾಟಿಯೇ ಇರುತ್ತದೆ. ಹಿಂದಿನವನ ಬ್ರೇಕು ಕೆಟ್ಟಿರಲಿಲ್ಲ. ಅವನು ನಿದ್ದೆ ಮಾಡುತ್ತಿರಲಿಲ್ಲ. ಬ್ರೇಕಿಗೆ ಕೆಲಸ ಮಾಡಲು ಜಾಗವೇ ಇರಲಿಲ್ಲ, ಅಷ್ಟೇ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಗಾಡಿ ನಿಲ್ಲುವುದು ಎರಡು ಹಂತದಲ್ಲಿ. ಮುಂದಿನ ಗಾಡಿಗೆ ಗುದ್ದದಿರಲು ಕನಿಷ್ಠ ಪಕ್ಷ ಮೊದಲ ಹಂತದಷ್ಟು ಜಾಗವಾದರೂ ಬೇಕು. ಆ ಜಾಗವನ್ನು ಓಡುವ ಗಾಡಿಯಿಂದ ಅಳೆಯುವುದು ಹೇಗೆ ಎಂಬುದು ಮುಂದಿನ ಮಾತು.

ಮೀಟರ್, ಅಡಿ ಎಂದು ಅಳೆಯಹೋದರೆ ಎಲ್ಲರೂ ತಪ್ಪುತ್ತಾರೆ. ಓಡುವಾಗ 20 ಮೀಟರ್ ಯಾವುದು, 30 ಮೀಟರ್ ಯಾವುದು ಎಂದು ಕಣ್ಣಿಗೆ ಸರಿಯಾಗಿ ಗೊತ್ತಾಗುವುದಿಲ್ಲ. ಅದಕ್ಕೆ ಜಗತ್ತಿನ ಬಹಳ ದೇಶಗಳಲ್ಲಿ ಅಂತರವನ್ನು ಹೊತ್ತಿನಲ್ಲಿ ಅಳೆಯಲು ಕಲಿಸುತ್ತಾರೆ. ಇದಕ್ಕೆ ಎರಡು ಸೆಕೆಂಡಿನ ನಿಯಮ ಎನ್ನುತ್ತಾರೆ. ಬಹಳ ಸುಲಭದ್ದು. ರಸ್ತೆ ಪಕ್ಕದ ಯಾವುದಾದರೂ ಗುರುತು ನೋಡಿಕೊಳ್ಳಬೇಕು. ಕಿಲೋಮೀಟರ್ ಕಲ್ಲಾಗಲಿ, ಹುಣಸೆ ಮರವಾಗಲಿ, ಸೇತುವೆಯ ತುದಿಯಾಗಲಿ. ಮುಂದಿನ ಗಾಡಿಯ ಹಿಂಭಾಗ ಆ ಗುರುತನ್ನು ದಾಟಿದ ಕೂಡಲೇ ಮನಸ್ಸಿನಲ್ಲಿ ಎಣಿಸಲು ಶುರು ಮಾಡಬೇಕು. ಸಾವಿರದ ಒಂದು, ಸಾವಿರದ ಎರಡು. ಅವಸರವಿಲ್ಲದೆ ಹೇಳಿದರೆ ಒಂದೊಂದಕ್ಕೂ ಒಂದು ಸೆಕೆಂಡ್ ಆಗುತ್ತದೆ. ಎರಡನ್ನೂ ಹೇಳಿ ಮುಗಿಸುವ ಮುಂಚೆಯೇ ತನ್ನ ಗಾಡಿಯ ಮೂತಿ ಆ ಗುರುತಿಗೆ ಬಂದುಬಿಟ್ಟರೆ ಅಂತರ ಸಾಲದು. ಆಕ್ಸಿಲರೇಟರಿನಿಂದ ಕಾಲು ಸ್ವಲ್ಪ ಎತ್ತಿ, ಇನ್ನೊಂದು ಗುರುತು ನೋಡಿಕೊಂಡು ಮತ್ತೆ ಎಣಿಸಬೇಕು.

ಈ ನಿಯಮದ ಒಳ್ಳೆಯ ಗುಣವೆಂದರೆ ವೇಗ ಬದಲಾದರೂ ನಿಯಮ ಬದಲಾಗುವುದಿಲ್ಲ. 40ರ ವೇಗದಲ್ಲಿ ಎರಡು ಸೆಕೆಂಡ್ ಎಂದರೆ 22 ಮೀಟರ್. 60ರಲ್ಲಿ 33 ಮೀಟರ್, ಹೆಚ್ಚುಕಡಿಮೆ ಮೂರು ಬಸ್ಸಿನ ಉದ್ದ. 80ರಲ್ಲಿ 44 ಮೀಟರ್. ಎಣಿಕೆ ಒಂದೇ, ಜಾಗ ತಾನಾಗಿ ಹಿಗ್ಗುತ್ತದೆ. ಬೈಕಿನವನಿಗೂ ಇದೇ ಲೆಕ್ಕ, ಬಸ್ಸಿನವನಿಗೂ ಇದೇ ಲೆಕ್ಕ. ಜರ್ಮನಿಯಲ್ಲಿ ಇನ್ನೊಂದು ರೂಢಿ ಇದೆ. ಸ್ಪೀಡೋಮೀಟರ್ ತೋರಿಸುವ ಅಂಕಿಯ ಅರ್ಧದಷ್ಟು ಮೀಟರ್ ಬಿಡಬೇಕು ಎಂದು. 60 ಇದ್ದರೆ 30 ಮೀಟರ್. 80 ಇದ್ದರೆ 40 ಮೀಟರ್. ದಾರಿ ಬೇರೆಯಾದರೂ ಎರಡೂ ಲೆಕ್ಕ ಬಂದು ಸೇರುವುದು ಹತ್ತಿರ ಹತ್ತಿರ ಒಂದೇ ಜಾಗಕ್ಕೆ.

ಹೀಗೆ ಹಿಂದೆ ಸರಿದು ಓಡಿಸಿದರೆ ತಡವಾಗುತ್ತದೆ ಎಂಬುದು ಚಾಲಕರು ಸಾಮಾನ್ಯವಾಗಿ ಹೇಳುವ ಕಾರಣ. ಈ ಕಾರಣವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹಡಗಲಿಯ ಮಲ್ಲಿಗೆ ಮೊಗ್ಗು ಅರಳುವ ಮುಂಚೆ ಪೇಟೆ ಮುಟ್ಟಬೇಕು. ಮೊದಲ ಬಸ್ಸು ತಪ್ಪಿದರೆ ದಿನದ ದುಡಿಮೆಯೇ ಬಾಡುತ್ತದೆ. ಆಸ್ಪತ್ರೆಗೆ ಹೋಗುವವರ ಅವಸರವೂ ನಿಜವಾದ ಅವಸರವೇ. ಆದರೆ ಲೆಕ್ಕ ಹಾಕಿ ನೋಡಬೇಕು. ಮೂವತ್ತು ಕಿಲೋಮೀಟರಿನ ದಾರಿ, 60ರ ವೇಗ ಎಂದು ಹಿಡಿದರೆ ಅರ್ಧ ಗಂಟೆಯ ಪ್ರಯಾಣ. ಮುಂದಿನ ಗಾಡಿಗೆ ಅಂಟಿಕೊಂಡು ಹೋದವನೂ, ಎರಡು ಸೆಕೆಂಡ್ ಹಿಂದೆ ಹೋದವನೂ ಓಡುವುದು ಮುಂದಿನವನ ವೇಗದಲ್ಲೇ. ಊರು ಮುಟ್ಟುವಾಗ ಇಬ್ಬರಿಗೂ ಇರುವ ವ್ಯತ್ಯಾಸ ಒಂದೂವರೆ ಸೆಕೆಂಡ್. ಅಂಟಿಕೊಂಡು ಹೋದವನು ಅರ್ಧ ಗಂಟೆ ಜೀವ ಕೈಯಲ್ಲಿ ಹಿಡಿದು ಗಳಿಸಿದ್ದು ಇಷ್ಟೇ. ಗಾಡಿಯಿಂದ ಇಳಿದು ಬಾಗಿಲು ಹಾಕಲೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಅಂತರವನ್ನು ಹೊತ್ತಿನಲ್ಲಿ ಅಳೆಯಬೇಕು, ಅದು ಕನಿಷ್ಠ ಎರಡು ಸೆಕೆಂಡ್ ಇರಬೇಕು ಎಂದಾಯಿತು. ಆದರೆ ಎರಡು ಸೆಕೆಂಡ್ ಎಂಬುದು ಒಣ ರಸ್ತೆ, ಹಗಲು ಬೆಳಕು, ಒಳ್ಳೆಯ ಬ್ರೇಕು ಇದ್ದಾಗಿನ ಮಾತು. ಇವುಗಳಲ್ಲಿ ಒಂದು ಕೆಟ್ಟರೂ ಎಣಿಕೆ ಹೆಚ್ಚಬೇಕು. ಈ ಭಾಗದಲ್ಲಿ ಇವು ಕೆಡುವ ಸಂದರ್ಭಗಳು ವರ್ಷದ ಉದ್ದಕ್ಕೂ ಇವೆ.

ಮೊದಲು ಮಳೆ. ಒದ್ದೆ ರಸ್ತೆಯಲ್ಲಿ ಟೈರಿನ ಹಿಡಿತ ಸಡಿಲವಾಗುತ್ತದೆ. ಬ್ರಿಟನ್ನಿನ ಹೆದ್ದಾರಿ ನಿಯಮಗಳ ಕೈಪಿಡಿ ಮಳೆಯಲ್ಲಿ ಅಂತರವನ್ನು ಇಮ್ಮಡಿ ಮಾಡಬೇಕೆನ್ನುತ್ತದೆ. ಅಂದರೆ ನಾಲ್ಕು ಸೆಕೆಂಡ್. ಎರೆಭೂಮಿಯ ಸೀಮೆಯಲ್ಲಿ ಇದಕ್ಕೆ ಇನ್ನೊಂದು ಸಂಕಟ ಸೇರುತ್ತದೆ. ಮುಂಗಾರು ಬಿತ್ತನೆಯ ಹೊತ್ತಿಗೆ ಟ್ರ್ಯಾಕ್ಟರುಗಳು ಹಸಿ ಹೊಲದಿಂದ ನೇರವಾಗಿ ಡಾಂಬರಿಗೆ ಹತ್ತುತ್ತವೆ. ಚಕ್ರಕ್ಕೆ ಮೆತ್ತಿದ ಎರೆಮಣ್ಣು ಹೆಂಟೆ ಹೆಂಟೆಯಾಗಿ ರಸ್ತೆಗೆ ಉದುರುತ್ತದೆ. ಅದರ ಮೇಲೆ ತುಂತುರು ಬಿದ್ದರೆ ಟೈರು ಹಿಡಿತ ಸಿಗದೆ ಜಾರುತ್ತದೆ. ಜೋರು ಮಳೆ ಸುರಿದು ರಸ್ತೆ ತೊಳೆದುಹೋದ ಮೇಲಿನ ಹೊತ್ತಿಗಿಂತ, ಮಳೆ ಶುರುವಾದ ಮೊದಲ ಹತ್ತು ನಿಮಿಷವೇ ಹೆಚ್ಚು ಅಪಾಯದ್ದು.

ಸುಗ್ಗಿ ಬಂದರೆ ಒಕ್ಕಣೆ. ಹುರುಳಿ, ಸಜ್ಜೆ, ತೊಗರಿಯನ್ನು ರಸ್ತೆಗೆ ಹರಡಿ, ಹೋಗಿಬರುವ ಗಾಡಿಗಳ ಚಕ್ರದಲ್ಲೇ ಒಕ್ಕುವ ರೂಢಿ ಈ ತಾಲ್ಲೂಕುಗಳಲ್ಲೆಲ್ಲ ಇದೆ. ಮೆಕ್ಕೆಜೋಳ ಒಣಗಿಸಲು ಅರ್ಧ ರಸ್ತೆ ಹೋಗುತ್ತದೆ. ಕಣ ಮಾಡಲು ಜಾಗವಿಲ್ಲದ ರೈತನ ಕಷ್ಟ ಅರ್ಥವಾಗುವಂಥದ್ದು. ಆದರೂ ಇದರ ಅಪಾಯ ಹೇಳದೆ ಬಿಡುವಂತಿಲ್ಲ. ಮೇಲೆ ಹೊಟ್ಟು, ಸೊಪ್ಪೆ ಕಾಣುತ್ತದೆ. ಅದರ ಕೆಳಗೆ ಉದುರಿದ ಕಾಳು ಇರುತ್ತದೆ. ಬ್ರೇಕ್ ಹಿಡಿದ ಕೂಡಲೇ ಕಾಳು ಟೈರಿನ ಅಡಿ ಉರುಳುತ್ತದೆ. ಬೈಕಿನ ಮುಂಚಕ್ರ ಪಕ್ಕಕ್ಕೆ ಹೊರಳುತ್ತದೆ. ಸೊಪ್ಪೆ ಕಾರಿನ ತಳಕ್ಕೆ ಸುತ್ತಿಕೊಂಡು ಬಿಸಿಗೆ ಹೊಗೆಯಾಡುವುದೂ ಉಂಟು. ಇದನ್ನೆಲ್ಲ ಬಲ್ಲ ಮುಂದಿನ ಚಾಲಕ ರಾಶಿ ಕಂಡೊಡನೆ ವೇಗ ತಗ್ಗಿಸುತ್ತಾನೆ, ಇಲ್ಲವೇ ಪಕ್ಕಕ್ಕೆ ಎಳೆಯುತ್ತಾನೆ. ಅವನಿಗೆ ಅಂಟಿಕೊಂಡು ಬಂದವನಿಗೆ ರಾಶಿ ಕಾಣುವುದು ಅವನು ಎಳೆದ ಮೇಲೆ. ಹೀಗಾಗಿ ಸುಗ್ಗಿಯ ತಿಂಗಳುಗಳಲ್ಲಿ ಒಣ ಹಗಲಿನಲ್ಲೂ ನಾಲ್ಕು ಸೆಕೆಂಡಿನ ಅಂತರವೇ ಸರಿ.

ಬಿಸಿಲಿನದೂ ಒಂದು ಲೆಕ್ಕ. ಹಡಗಲಿಯಿಂದ ಹಗರಿಬೊಮ್ಮನಹಳ್ಳಿ ನೇರ ಪೂರ್ವಕ್ಕಿದೆ. ಬೆಳಿಗ್ಗೆ ಅತ್ತ ಹೋಗುವವರಿಗೂ, ಸಂಜೆ ಇತ್ತ ಬರುವವರಿಗೂ ಸೂರ್ಯ ಕಣ್ಣೆದುರಿಗೇ ಇರುತ್ತಾನೆ. ಆ ಬೆಳಕಿನಲ್ಲಿ ಮುಂದಿನ ಗಾಡಿಯ ಬ್ರೇಕ್ ದೀಪ ಹೊತ್ತಿದ್ದೂ ಗೊತ್ತಾಗುವುದಿಲ್ಲ. ಟಿಪ್ಪರಿನ ಹಿಂದಿನ ಧೂಳಿನಲ್ಲೂ ಇದೇ ಪಾಡು.

ಮಳೆ, ಒಕ್ಕಣೆ, ಬಿಸಿಲು ಆಯಿತು. ಇವೆಲ್ಲಕ್ಕಿಂತ ದೊಡ್ಡದು ರಾತ್ರಿ. ರಾತ್ರಿಯಲ್ಲಿ ಎರಡು ಸೆಕೆಂಡಿನ ನಿಯಮದ ಬುಡವೇ ಅಲುಗಾಡುತ್ತದೆ. ಆ ನಿಯಮ ನಿಂತಿರುವುದು ಮುಂದಿನ ಗಾಡಿಯೂ ಬ್ರೇಕ್ ಹಿಡಿದು ಕ್ರಮವಾಗಿ ನಿಲ್ಲುತ್ತದೆ ಎಂಬ ನಂಬಿಕೆಯ ಮೇಲೆ. ಮುಂದೆ ಇರುವುದು ಮೊದಲೇ ನಿಂತ ಗಾಡಿಯಾದರೆ ಆ ನಂಬಿಕೆಗೆ ಆಧಾರವಿಲ್ಲ. ಆಗ ಬೇಕಾದದ್ದು ಎಂಜಿನಿಯರುಗಳ ಪೂರ್ತಿ ದೂರ. 60ರ ವೇಗಕ್ಕೆ 80 ಮೀಟರ್. ಗಾಡಿಯ ತಗ್ಗಿಸಿದ ದೀಪ, ಅಂದರೆ ಡಿಮ್ ಲೈಟು, ರಸ್ತೆಯನ್ನು ಚೆನ್ನಾಗಿ ಬೆಳಗುವುದು ಸುಮಾರು 40-50 ಮೀಟರಿನಷ್ಟು. ಡಿಮ್ ಲೈಟಿನಲ್ಲಿ 60ರ ಮೇಲೆ ಓಡಿಸುವವನು ತನ್ನ ಕಣ್ಣಿಗೆ ಕಾಣುವ ದೂರದೊಳಗೆ ನಿಲ್ಲಲಾರ. ಬೆಳಕು ಎಲ್ಲಿಯವರೆಗೆ ಇದೆಯೋ ಅಷ್ಟರೊಳಗೆ ನಿಲ್ಲುವಂತೆ ಓಡಿಸಬೇಕು ಎಂಬುದು ಇದಕ್ಕಾಗಿಯೇ.

ಕರ್ನಾಟಕದಲ್ಲಿ ಇದರ ಬೆಲೆ ತೆತ್ತ ಉದಾಹರಣೆಗಳು ದೂರದಲ್ಲಿಲ್ಲ. 2024ರ ಜೂನ್ 28ರ ಬೆಳಗಿನ ಜಾವ, ಹೊಳೆಯಾಚೆಯ ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ ಟೆಂಪೊ ಟ್ರಾವೆಲರ್ ಒಂದು ನಿಂತಿದ್ದ ಲಾರಿಗೆ ಹಿಂದಿನಿಂದ ಗುದ್ದಿತು. ಸವದತ್ತಿ ಯಲ್ಲಮ್ಮನ ದರ್ಶನ ಮುಗಿಸಿ ಭದ್ರಾವತಿ ಕಡೆಗೆ ಹಿಂದಿರುಗುತ್ತಿದ್ದ 13 ಜನ ಸತ್ತರು. 2023ರ ಅಕ್ಟೋಬರ್ 26ರ ಮುಂಜಾನೆ ಚಿಕ್ಕಬಳ್ಳಾಪುರದ ಹೊರವಲಯದಲ್ಲಿ ಮಂಜು ಕವಿದಿತ್ತು. ನಿಂತಿದ್ದ ಟ್ಯಾಂಕರಿಗೆ ಟಾಟಾ ಸುಮೊ ಗುದ್ದಿ ಅಲ್ಲಿಯೂ 13 ಜನ ಪ್ರಾಣ ಕಳೆದುಕೊಂಡರು. ಎರಡು ಕಡೆಯೂ ಮುಂದೆ ಇದ್ದದ್ದು ಓಡುವ ಗಾಡಿಯಲ್ಲ, ನಿಂತ ಗಾಡಿ.

ಲಾರಿ ಪಂಕ್ಚರ್ ಆಗಿ ನಿಂತರೆ ಹಿಂದೆ ನಾಲ್ಕು ಕಲ್ಲಿಟ್ಟು, ಬೇವಿನ ಟೊಂಗೆ ಮುರಿದಿಡುವುದು ಎಲ್ಲೆಡೆ ಕಾಣುವ ಪದ್ಧತಿ. ಟೊಂಗೆಗೆ ರಾತ್ರಿ ಹೊಳಪಿಲ್ಲ. ದೀಪ ಬಿದ್ದರೂ ಅದು ಹತ್ತಿರ ಬರುವವರೆಗೆ ಕಾಣುವುದಿಲ್ಲ. ಗಾಡಿ ಹೋದ ಮೇಲೆ ಕಲ್ಲುಗಳು ಅಲ್ಲೇ ಉಳಿದು ಬೈಕಿನವರನ್ನು ಬೀಳಿಸುತ್ತವೆ. ಹೊಳೆಯುವ ಕೆಂಪು ತ್ರಿಕೋನ ಇರುವುದು ಇದೇ ಕೆಲಸಕ್ಕೆ. ಅದನ್ನು ಗಾಡಿಯ ಬುಡದಲ್ಲಿಡದೆ ಕನಿಷ್ಠ ಐವತ್ತು ಹೆಜ್ಜೆ ಹಿಂದೆ ಇಡಬೇಕು.

ಜಾತ್ರೆಯ ರಾತ್ರಿಗಳಿಗೆ ಬೇರೆಯೇ ಎಚ್ಚರ ಬೇಕು. ಭರತ ಹುಣ್ಣಿಮೆಗೆ ಮೈಲಾರದ ಕಾರ್ಣಿಕ. ಶಿವರಾತ್ರಿಯ ಹೊತ್ತಿಗೆ ಕುರುವತ್ತಿ. ಅದೇ ಕಾಲಕ್ಕೆ ಕೊಟ್ಟೂರು ಗುರುಬಸವೇಶ್ವರನ ತೇರು. ಟ್ರ್ಯಾಕ್ಟರಿನಲ್ಲಿ ಬರುವವರು, ಬಂಡಿ ಕಟ್ಟಿಕೊಂಡು ಬರುವವರು, ದಾವಣಗೆರೆಯ ಕಡೆಯಿಂದ ಕೊಟ್ಟೂರಿಗೆ ಪಾದಯಾತ್ರೆಯಲ್ಲಿ ನಡೆದು ಬರುವವರು ಎಲ್ಲರೂ ರಸ್ತೆಯ ಅಂಚಿನಲ್ಲಿರುತ್ತಾರೆ. ನಡೆಯುವವರನ್ನು ಕಂಡು ಮುಂದಿನ ಗಾಡಿ ಎಲ್ಲಿ ಬೇಕಾದರೂ ನಿಂತೀತು.

ಇನ್ನು, ಮುಂದೆ ಇರುವ ಗಾಡಿ ಯಾವುದು ಎಂಬುದರ ಮೇಲೂ ಅಂತರ ಹೆಚ್ಚಿಸಬೇಕಾಗುತ್ತದೆ. ಹಳ್ಳಿಗಳ ನಡುವೆ ಓಡುವ ಬಸ್ಸು ನಿಲ್ದಾಣದಲ್ಲೇ ನಿಲ್ಲುತ್ತದೆ ಎಂದು ನಂಬುವಂತಿಲ್ಲ. ಹೊಲದ ಬದುವಿನಿಂದ ಯಾರಾದರೂ ಕೈ ಮಾಡಿದರೆ ನಿಲ್ಲುತ್ತದೆ. ಟಂಟಂನದು ಇನ್ನೂ ಹೆಚ್ಚು. ಅದು ಕೈ ಮಾಡದವರನ್ನೂ ಕಂಡು ನಿಲ್ಲುತ್ತದೆ. ಟ್ರ್ಯಾಕ್ಟರಿನ ಟ್ರ್ಯಾಲಿಗಳಲ್ಲಿ ಬಹಳಷ್ಟಕ್ಕೆ ಬ್ರೇಕ್ ದೀಪವೇ ಇರುವುದಿಲ್ಲ. ಚಾಲಕ ಬ್ರೇಕ್ ಮುಟ್ಟದೆ ಬರೀ ಆಕ್ಸಿಲರೇಟರ್ ಬಿಟ್ಟರೂ ಟ್ರ್ಯಾಕ್ಟರ್ ತಟ್ಟನೆ ನಿಧಾನವಾಗುತ್ತದೆ. ಎಡಕ್ಕೋ ಬಲಕ್ಕೋ ಹೊಲದ ದಾರಿಗೆ ಹೊರಳುವಾಗ ಅವನು ಕೊಡುವ ಸೂಚನೆ ಎಂದರೆ ಚಾಚಿದ ಕೈ. ಟ್ರ್ಯಾಲಿಯ ತುಂಬ ಹೊಟ್ಟು ಹೇರಿದ್ದರೆ ಆ ಕೈಯೂ ಕಾಣದು. ಕಬ್ಬಿಣದ ಸರಳು, ಬಿದಿರು ಹೇರಿದ ಗಾಡಿಯ ಹಿಂದೆ ಹೋಗುವಾಗ ಅಂತರವನ್ನು ಸರಳಿನ ತುದಿಯಿಂದ ಎಣಿಸಬೇಕು, ಗಾಡಿಯ ಹಿಂಭಾಗದಿಂದಲ್ಲ.

ಹಿಂದಿರುವುದು ಲಾರಿಯಾದರೆ ಅದಕ್ಕೂ ಹೆಚ್ಚು ಜಾಗ ಬೇಕು. ಗಾಳಿಯಿಂದ ಕೆಲಸ ಮಾಡುವ ಬ್ರೇಕು ಪೆಡಲ್ ತುಳಿದ ಮೇಲೆ ಚಕ್ರ ಹಿಡಿಯಲು ತುಸು ಹೊತ್ತು ತೆಗೆದುಕೊಳ್ಳುತ್ತದೆ. ಹೇರು ಮಿತಿ ಮೀರಿದ್ದರೆ ಬ್ರೇಕಿಗೆ ಅದನ್ನು ತಡೆಯುವ ಶಕ್ತಿಯೂ ಸಾಲದು. ಕಾರಿನವರು ಲಾರಿಯ ಮುಂದೆ ನುಗ್ಗಿ ತಟ್ಟನೆ ಬ್ರೇಕ್ ಹಾಕುವಾಗ ಇದನ್ನು ಮರೆಯುತ್ತಾರೆ. ತಮ್ಮ ಕಾರು ನಿಲ್ಲುವ ಜಾಗದಲ್ಲಿ ಲಾರಿ ನಿಲ್ಲುವುದಿಲ್ಲ. ಹೊಸ ಗಾಡಿಗಳಿಗೆ ಎಬಿಎಸ್ ಇದೆ ಎಂಬ ಧೈರ್ಯ ಕೆಲವರದು. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೂ, 125 ಸಿಸಿ ಮೇಲ್ಪಟ್ಟ ಹೊಸ ಬೈಕುಗಳಿಗೂ ಅದು ಕಡ್ಡಾಯ. ಚಕ್ರ ಕಚ್ಚಿಕೊಂಡು ಜಾರದಂತೆ ಅದು ನೋಡಿಕೊಳ್ಳುತ್ತದೆ, ಬ್ರೇಕ್ ಹಿಡಿದಿರುವಾಗಲೂ ಹ್ಯಾಂಡಲ್ ತಿರುಗಿಸಲು ಬಿಡುತ್ತದೆ. ಚಾಲಕನ ಒಂದೂವರೆ ಸೆಕೆಂಡನ್ನು ಅದು ಉಳಿಸಲಾರದು. ಸಡಿಲ ಜಲ್ಲಿಯ ಮೇಲೆ ನಿಲ್ಲುವ ದೂರವನ್ನು ಅದು ತಗ್ಗಿಸುವುದೂ ಇಲ್ಲ.

ಮುಂದಿನ ಗಾಡಿಗೆ ಅಂಟಿಕೊಂಡು ಹೋಗುವವರಲ್ಲಿ ಬಹಳ ಜನ ಓವರ್‌ಟೇಕ್ ಮಾಡಲು ಕಾಯುತ್ತಿರುವವರು. ಎರಡು ಸಾಲಿನ ರಸ್ತೆಯಲ್ಲಿ ಇದು ತಲೆಕೆಳಗಾದ ಕ್ರಮ. ಲಾರಿಯ ಬೆನ್ನಿಗೇ ಇದ್ದರೆ ಎದುರಿನ ರಸ್ತೆಯನ್ನು ಲಾರಿಯೇ ಮುಚ್ಚುತ್ತದೆ. ನೋಡಬೇಕೆಂದರೆ ಅರ್ಧ ಗಾಡಿ ಆಚೆ ಸಾಲಿಗೆ ಚಾಚಬೇಕು. ಮೂರು ಸೆಕೆಂಡ್ ಹಿಂದೆ ನಿಂತರೆ ಲಾರಿಯ ಎರಡೂ ಬದಿಯಿಂದ ದಾರಿ ಕಾಣುತ್ತದೆ. ಎದುರು ಖಾಲಿ ಎಂದು ಖಾತ್ರಿಯಾದ ಮೇಲೆ ಆ ಜಾಗದಲ್ಲೇ ವೇಗ ಹಿಡಿದು ದಾಟಬಹುದು. ಬೆನ್ನಿಗಿದ್ದವನು ಆಚೆ ಸಾಲಿಗೆ ಇಳಿದ ಮೇಲೆ ವೇಗ ಹಿಡಿಯಬೇಕು. ಎದುರಿನ ಸಾಲಿನಲ್ಲಿ ಅವನು ಹೆಚ್ಚು ಹೊತ್ತು ಇರುತ್ತಾನೆ. ಹಿಂದೆ ಸರಿದವನಿಗೇ ಓವರ್‌ಟೇಕ್ ಸುಲಭ.

ಬಿಟ್ಟ ಜಾಗದಲ್ಲಿ ಇನ್ನೊಬ್ಬ ನುಗ್ಗುತ್ತಾನೆ ಎಂಬ ಆಕ್ಷೇಪವೂ ಇದೆ. ನುಗ್ಗುವುದು ನಿಜ. ಆಗ ಅವನಿಂದ ಮತ್ತೆ ಎರಡು ಸೆಕೆಂಡ್ ಹಿಂದೆ ಸರಿಯಬೇಕು. ಹತ್ತು ಜನ ನುಗ್ಗಿದರೂ ಕಳೆಯುವುದು ಇಪ್ಪತ್ತು ಸೆಕೆಂಡ್. ಇನ್ನು ಹಿಂದಿನವನೇ ಬೆನ್ನಿಗೆ ಅಂಟಿಕೊಂಡು ಬಂದರೆ ಮಾಡಬೇಕಾದದ್ದು ಬೇರೆ. ಅವನಿಗೆ ಬುದ್ಧಿ ಕಲಿಸಲು ಬ್ರೇಕ್ ಮುಟ್ಟಬಾರದು, ಅವನಿಗೆ ಹೆದರಿ ವೇಗ ಹೆಚ್ಚಿಸಲೂಬಾರದು. ತನ್ನ ಮುಂದಿನ ಅಂತರವನ್ನು ಇನ್ನಷ್ಟು ಹೆಚ್ಚಿಸಬೇಕು. ಆಗ ನಿಲ್ಲುವ ಸಂದರ್ಭ ಬಂದರೂ ಮೆಲ್ಲಗೆ ನಿಲ್ಲಬಹುದು. ಹಿಂದಿನವನಿಗೂ ಆ ಮೆಲ್ಲನೆಯ ಬ್ರೇಕಿನಿಂದ ಉಳಿಯಲು ಅವಕಾಶ ಸಿಗುತ್ತದೆ. ರಸ್ತೆ ಅಗಲವಾದ ಕಡೆ ಎಡಕ್ಕೆ ಸರಿದು ಅವನನ್ನು ಮುಂದೆ ಬಿಡುವುದು ಎಲ್ಲಕ್ಕಿಂತ ಒಳ್ಳೆಯದು.

ಅಂತರ ಏಕೆ ಬೇಕು, ಎಷ್ಟು ಬೇಕು, ಎಲ್ಲಿ ಹೆಚ್ಚಬೇಕು ಎಂಬುದನ್ನು ಹೇಳಿದ್ದಾಯಿತು. ಕಾನೂನು ಏನು ಹೇಳುತ್ತದೆ ಎಂಬುದು ಉಳಿಯಿತು.

ಭಾರತದಲ್ಲಿ ರಸ್ತೆ ನಡವಳಿಕೆಗೆ 1989ರ ನಿಯಮಗಳಿದ್ದವು. ಅವುಗಳ ಜಾಗಕ್ಕೆ 2017ರಲ್ಲಿ ಮೋಟಾರು ವಾಹನ ಚಾಲನಾ ನಿಯಮಗಳು ಬಂದವು. ಮುಂದಿನ ಗಾಡಿ ದಿಢೀರನೆ ನಿಧಾನವಾದರೂ, ನಿಂತರೂ ಡಿಕ್ಕಿಯಾಗದಷ್ಟು ಅಂತರವನ್ನು ಹಿಂದಿನವನು ಕಾಯಬೇಕು ಎಂಬ ಮಾತು ಹಳೆಯದರಲ್ಲೂ ಇತ್ತು, ಹೊಸದರಲ್ಲೂ ಇದೆ. ಮುಂದಿನವನು ಸುರಕ್ಷತೆಯ ಕಾರಣವಿಲ್ಲದೆ ಗಕ್ಕನೆ ಬ್ರೇಕ್ ಹಾಕಬಾರದು ಎಂದೂ ಹೊಸ ನಿಯಮ ಹೇಳುತ್ತದೆ. ಈ ನಿಯಮಗಳನ್ನು ಮೀರಿದರೆ ಮೋಟಾರು ವಾಹನ ಕಾಯ್ದೆಯ 177ಎ ಕಲಮಿನಂತೆ 500ರಿಂದ 1,000 ರೂಪಾಯಿ ದಂಡ.

ದಂಡಕ್ಕಿಂತ ಭಾರವಾದದ್ದು ಪರಿಹಾರದ ಹೊಣೆ. 2018ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಒಂದು ಪ್ರಕರಣ ಬಂದಿತ್ತು. ಲಾರಿಯ ಹಿಂದೆ ಕೇವಲ 10-15 ಅಡಿ ಅಂತರದಲ್ಲಿ ಕಾರು ಓಡುತ್ತಿತ್ತು. ಲಾರಿ ಬ್ರೇಕ್ ಹಾಕಿತು, ಕಾರು ಗುದ್ದಿತು. ಅಂತರ ಕಾಯದ ಕಾರಿನ ಚಾಲಕನದೇ ನಿರ್ಲಕ್ಷ್ಯ ಎಂದು ನ್ಯಾಯಾಲಯ ತೀರ್ಪಿತ್ತಿತು. 2025ರಲ್ಲಿ ಇನ್ನೊಂದು ತೀರ್ಪು ಬಂತು. ತಮಿಳುನಾಡಿನ ಕೊಯಮತ್ತೂರಿನ ಪ್ರಕರಣ ಅದು. ಹೆದ್ದಾರಿಯಲ್ಲಿ ಸೂಚನೆ ಕೊಡದೆ ಕಾರೊಂದು ಗಕ್ಕನೆ ನಿಂತಿತು. ಹಿಂದಿನ ಬೈಕ್ ಅದಕ್ಕೆ ಗುದ್ದಿ, ಬಿದ್ದ ಸವಾರನ ಮೇಲೆ ಬಸ್ಸು ಹರಿಯಿತು. ಅವನು ಕಾಲು ಕಳೆದುಕೊಂಡ. ಅರ್ಧ ಹೊಣೆ ಕಾರಿನವನದು, ನೂರಕ್ಕೆ 30 ಬಸ್ಸಿನವನದು, ನೂರಕ್ಕೆ 20 ಬೈಕಿನವನದು ಎಂದು ನ್ಯಾಯಾಲಯ ಹಂಚಿತು. ಎರಡು ತೀರ್ಪುಗಳನ್ನು ಜೊತೆಗಿಟ್ಟು ನೋಡಿದರೆ ಮಾತು ಸ್ಪಷ್ಟ. ಅಂತರ ಕಾಯದವನು ಹೊಣೆಯಿಂದ ತಪ್ಪಿಸಿಕೊಳ್ಳುವಂತಿಲ್ಲ. ಕಾರಣವಿಲ್ಲದೆ, ಸೂಚನೆಯಿಲ್ಲದೆ ನಿಂತವನೂ ತಪ್ಪಿಸಿಕೊಳ್ಳುವಂತಿಲ್ಲ.

ಅಂತರ ಕಾಯಬೇಕಾದರೆ ಮುಂದಿನ ಗಾಡಿ ಕಾಣಬೇಕು. ಈ ಮಾತು ಟ್ರ್ಯಾಲಿ, ಬಂಡಿಗಳ ಒಡೆಯರಿಗೆ. ಟ್ರ್ಯಾಲಿಯ ಹಿಂದಿನ ಹಲಗೆಗೆ ಅಡ್ಡಲಾಗಿ ಒಂದು ಹೊಳೆಯುವ ಕೆಂಪು ಪಟ್ಟಿ, ಎರಡು ಮೂಲೆಗೆ ಎರಡು ರಿಫ್ಲೆಕ್ಟರ್ ಅಂಟಿಸಿದರೆ ಹಿಂದಿನವನ ದೀಪ ಬಿದ್ದ ಕೂಡಲೇ ದೂರದಿಂದಲೇ ಕಾಣುತ್ತದೆ. ಬಂಡಿಯ ಹಿಂದಿನ ಹಲಗೆಗೂ ಅದೇ ಪಟ್ಟಿ ಸಾಕು. ಅಂಟಿಸಲು ಕಾಲು ಗಂಟೆಯ ಕೆಲಸ. ಪಟ್ಟಿಯ ಮೇಲೆ ಕೆಸರು ಕೂತರೆ ಹೊಳಪು ಹೋಗುತ್ತದೆ. ಹೊಲದಿಂದ ರಸ್ತೆಗೆ ಹತ್ತುವ ಮುಂಚೆ ಒಮ್ಮೆ ಒರೆಸಿಕೊಳ್ಳಬೇಕು. ಮೆಕ್ಕೆಜೋಳದ ಹೇರು ಶುರುವಾಗುವ ಮುಂಚೆ ಪ್ರತಿ ಊರಿನಲ್ಲೂ ಟ್ರ್ಯಾಕ್ಟರ್ ಇದ್ದವರು ಈ ಕೆಲಸ ಮಾಡಿ ಮುಗಿಸಲಿ.